ನಾಗರಹಾವು ಪೋಸ್ಟರ್ ಮಡಿಕೆಯಲ್ಲಿ ಕಿತ್ತೋಗಿದೆ, ಲ್ಯಾಮಿನೇಷನ್ ಮಾಡಿಸಬಹುದಾ?

ಸಕ್ಕರೆನಾಡು72, ಮಂಡ್ಯ
ಎಲ್ರಿಗೂ ನಮಸ್ಕಾರ. 1972ರ ‘ನಾಗರಹಾವು’ ಸಿನಿಮಾದ್ದು ಮೂರು ವಸ್ತು ಇವೆ.

ಒಂದು, ಗೋಡೆಗೆ ಅಂಟಿಸೋ ಪೋಸ್ಟರ್. 30 ಇಂಚು ಅಗಲ, 40 ಇಂಚು ಎತ್ತರ. ಮಡಿಕೆಗಳು ಕೂಡೋ ಜಾಗದಲ್ಲಿ ತೂತು ಬಿದ್ದಿದೆ. ಹಿಂದುಗಡೆ ಯಾವಾಗಲೋ ಹಾಕಿದ ಸೆಲ್ಲೋಟೇಪು ಜೇನುತುಪ್ಪದ ಬಣ್ಣಕ್ಕೆ ತಿರುಗಿ ಕಲೆ ಮುಂದಕ್ಕೂ ಇಳಿದಿದೆ. ಎರಡು, ಹಾಡಿನ ಪುಸ್ತಕ, ಪಿನ್ನು ತುಕ್ಕು ಹಿಡಿದಿದೆ. ಮೂರು, 7 ಇಂಚಿನ 45 ಆರ್‌ಪಿಎಂ ರೆಕಾರ್ಡು, ಸ್ವಲ್ಪ ಡೊಂಕಾಗಿದೆ.

ಸೆಪ್ಟೆಂಬರ್ 18, ವಿಷ್ಣು ಹುಟ್ಟಿದ ದಿನ, ಒಂದು ಸಣ್ಣ ಹಾಲ್‌ನಲ್ಲಿ ಇವನ್ನೆಲ್ಲ ಇಟ್ಟು, ಅಭಿಮಾನಿಗಳು ಒಟ್ಟಿಗೆ ಕೂತು ಸಿನಿಮಾ ನೋಡೋ ಯೋಚನೆ. ಸುಮಾರು 60 ಜನ. ಪೋಸ್ಟರ್‌ನ ಲ್ಯಾಮಿನೇಷನ್ ಮಾಡಿಸಿದ್ರೆ ಆಗುತ್ತಾ? ಪ್ರೊಜೆಕ್ಟರ್ ಎಷ್ಟು ಲುಮೆನ್ಸ್ (ಬೆಳಕಿನ ಅಳತೆ) ಇರಬೇಕು? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಕಾಗದದ ಆಸ್ಪತ್ರೆ, ಮೈಸೂರು
ಲ್ಯಾಮಿನೇಷನ್ ಬೇಡ. ಅಂಗಡಿಯೋರು ಎಷ್ಟೇ ಚೆನ್ನಾಗಿ ಮಾಡ್ತೀವಿ ಅಂದ್ರೂ ಬೇಡ.

ಆ ಕಾಲದ ಪೋಸ್ಟರ್ ಕಾಗದ ಅಗ್ಗದ್ದು, ಮರದ ತಿರುಳಿಂದ ಮಾಡಿದ್ದು. ಮರದಲ್ಲಿರೋ ಲಿಗ್ನಿನ್ ಗಾಳಿ ಬೆಳಕಿಗೆ ಕೊಳೆತು ಆಮ್ಲ ಆಗುತ್ತೆ. ಹಳೇ ಪೇಪರು ಕಂದು ಬಣ್ಣಕ್ಕೆ ತಿರುಗಿ ಹಪ್ಪಳದ ಥರ ಮುರಿಯೋದು ಇದಕ್ಕೇ. ಎರಡೂ ಕಡೆ ಪ್ಲಾಸ್ಟಿಕ್ ಬಿಸಿ ಮಾಡಿ ಒತ್ತಿಬಿಟ್ರೆ ಆಮ್ಲ ಒಳಗೇ ಸಿಕ್ಕಾಕಿಕೊಳ್ಳುತ್ತೆ. ಜೊತೆಗೆ ಒತ್ತೋ ರೋಲರ್ 100 ಡಿಗ್ರಿ ಸೆಲ್ಸಿಯಸ್ ದಾಟಿರುತ್ತೆ, ಆ ಶಾಖಕ್ಕೆ ಕಾಗದ ಇನ್ನಷ್ಟು ಗರಿಗರಿ ಆಗುತ್ತೆ. ಹತ್ತು ವರ್ಷ ಬಿಟ್ಟು ಬಿಚ್ಚೋಣ ಅಂದ್ರೆ ಪ್ಲಾಸ್ಟಿಕ್ ಜೊತೆ ಬಣ್ಣದ ಪದರವೇ ಎದ್ದು ಬರುತ್ತೆ. ಹಳೇ ಕಾಗದಕ್ಕೆ ಏನೇ ಮಾಡಿದ್ರೂ ಮುಂದೆ ಬಿಚ್ಚೋಕೆ ಆಗಬೇಕು. ಲ್ಯಾಮಿನೇಷನ್, ಫೆವಿಕಾಲ್, ಹೊಸ ಟೇಪು, ಈ ಮೂರೂ ಬಿಚ್ಚೋಕೆ ಬರಲ್ಲ.

ದೊಡ್ಡಗಡಿಯಾರ
ಹಂಗಾದ್ರೆ ಹರಿದಿರೋದನ್ನ ಏನಿಂದ ಅಂಟಿಸೋದು ಸಾರ್? ಮೈದಾ ಗೋಂದು ನಡೆಯುತ್ತಾ? ಗೋಡೆಗೆ ಅಂಟಿಸ್ತಿದ್ದಿದ್ದೇ ಅದರಲ್ಲಿ.

ಕಾಗದದ ಆಸ್ಪತ್ರೆ, ಮೈಸೂರು
ಹತ್ತಿರ ಬಂದ್ರಿ, ಆದ್ರೆ ಮೈದಾ ಹಾಗೇ ಬೇಡ. ಅದರಲ್ಲಿರೋ ಅಂಟು, ಅಂದ್ರೆ ಗ್ಲುಟನ್, ಜಿರಳೆಗೂ ಬೆಳ್ಳಿಮೀನು ಹುಳಕ್ಕೂ ಹಬ್ಬದೂಟ. ನಮಗೆ ಬೇಕಾಗಿರೋದು ಬರೀ ಪಿಷ್ಟ. ಗೋಧಿ ಹಲ್ವಕ್ಕೆ ಹಾಲು ತೆಗೆಯೋದು ಗೊತ್ತಿರೋರಿಗೆ ಇದು ಸುಲಭ.

ಒಂದು ಲೋಟ ಮೈದಾ ಗಟ್ಟಿಯಾಗಿ ಕಲಸಿ ಅರ್ಧ ಗಂಟೆ ಬಿಡಿ. ಆಮೇಲೆ ಪಾತ್ರೆ ತುಂಬ ನೀರಲ್ಲಿ ಉಂಡೆನ ಹಿಸುಕಿ ಹಿಸುಕಿ ತೊಳೀರಿ. ಕೈಲಿ ರಬ್ಬರ್ ಥರದ್ದು ಉಳಿಯುತ್ತೆ, ಅದನ್ನ ಎಸೀರಿ. ಬಿಳೀ ನೀರನ್ನ ತೆಳ್ಳನೆ ಬಟ್ಟೇಲಿ ಸೋಸಿ ರಾತ್ರಿಯೆಲ್ಲ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಮೇಲಿನ ತಿಳಿ ಚೆಲ್ಲಿ, ತಳದ ಗಸಿನ ತಟ್ಟೇಲಿ ಒಣಗಿಸಿ ಪುಡಿ ಮಾಡಿ.

ಆ ಪುಡಿ 1 ಚಮಚಕ್ಕೆ 5 ಚಮಚ ಡಿಸ್ಟಿಲ್ಡ್ ವಾಟರ್. ಬ್ಯಾಟರಿ ಅಂಗಡೀಲಿ ಸಿಗೋದೇ ಸಾಕು. ಒಂದು ಗಂಟೆ ನೆನೆಸಿ, ಕುದಿಯೋ ನೀರಿನ ಪಾತ್ರೆ ಮೇಲೆ ಇನ್ನೊಂದು ಪಾತ್ರೆ ಇಟ್ಟು 20-25 ನಿಮಿಷ ಕೈ ಬಿಡದೆ ತಿರುವಿ. ಸುಣ್ಣದ ಬಿಳುಪು ಹೋಗಿ ಗಂಜಿ ಥರ ಗಾಜುಗಾಜಾದಾಗ ಇಳಿಸಿ. ಆರಿದ ಮೇಲೆ ಟೀ ಸೋಸೋ ಜಾಲರಿಲಿ ಎರಡು ಸಲ ಒತ್ತಿ ತೆಗೀರಿ, ಇಲ್ದಿದ್ರೆ ಗಂಟು ಉಳಿದು ಕಾಗದದ ಮೇಲೆ ಗುಳ್ಳೆ ಆಗುತ್ತೆ. ಫ್ರಿಜ್‌ನಲ್ಲಿ ನಾಲ್ಕು ದಿನ ಇರುತ್ತೆ. ಹುಳಿ ವಾಸನೆ ಬಂದ್ರೆ ಚೆಲ್ಲಿ.

ಬುಕ್‌ಬೈಂಡಿಂಗ್ ಅಣ್ಣ
ಇದಕ್ಕೆ ಒಂದು ಚಿಟಿಕೆ ಮೈಲುತುತ್ತ ಹಾಕಿ, ಹುಳ ಹತ್ತಿರಾನೂ ಸುಳಿಯಲ್ಲ. ಬೈಂಡಿಂಗ್‌ನೋರು ಹಾಕ್ಕೊಂಡು ಬಂದಿರೋದೇ.

ಕಾಗದದ ಆಸ್ಪತ್ರೆ, ಮೈಸೂರು
ಅಣ್ಣ, ಲೆಕ್ಕದ ಪುಸ್ತಕಕ್ಕೆ ಸರಿ. ಇದಕ್ಕೆ ಬೇಡ. ಮೈಲುತುತ್ತ ಅಂದ್ರೆ ತಾಮ್ರದ ಲವಣ. ತಾಮ್ರ ಕಾಗದದ ನಾರು ಬೇಗ ಕೊಳೆಯೋ ಹಾಗೆ ಮಾಡುತ್ತೆ. ಹುಳ ಬರಲ್ಲ ನಿಜ, ಆದ್ರೆ ಅಂಟಿಸಿದ ಗೆರೆ ಉದ್ದಕ್ಕೂ ಕಾಗದ ಕಂದಾಗಿ ಕತ್ತರಿಸಿದ ಹಾಗೆ ಬಿಟ್ಟುಕೊಳ್ಳುತ್ತೆ. ಹಳೇ ಪುಸ್ತಕಗಳ ರಟ್ಟಿನ ಒಳಗಡೆ ಪುಟದಲ್ಲಿ ಈ ಕಂದು ಪಟ್ಟಿ ನೀವೇ ನೋಡಿರ್ತೀರಿ.

ಒಂಟಿಕೊಪ್ಪಲು ವಾಸಿ
ಹುಳಕ್ಕೆ ಇನ್ನೊಂದು ದಾರಿ ಇದೆಯಲ್ವಾ, ಮಜ್ಜಿಗೆ ಹುಲ್ಲಿನ ಎಣ್ಣೆ? ತಾಳೆಗರಿ ಹಸ್ತಪ್ರತಿಗಳಿಗೆ ಸವರ್ತಾರೆ.

ಕಾಗದದ ಆಸ್ಪತ್ರೆ, ಮೈಸೂರು
ತಾಳೆಗರಿ ಒಣಗಿದ್ರೆ ಸೀಳುತ್ತೆ, ಎಣ್ಣೆ ಸವರಿದ್ರೆ ಬಳುಕುತ್ತೆ, ಅದಕ್ಕೆ ಅದು ಸರಿ. ಕಾಗದ ಎಣ್ಣೆ ಹೀರಿಕೊಂಡು ಬಜ್ಜಿ ಕಟ್ಟಿದ ಪೇಪರ್ ಥರ ಆಗುತ್ತೆ ಅಷ್ಟೇ. ಕಾಗದಕ್ಕೆ ಎಣ್ಣೆ ಸೋಕಲೇಬಾರದು.

ಮದ್ದೂರು ಎಕ್ಸ್‌ಪ್ರೆಸ್
ಎಲ್ಲಾ ಸರಿ ಕಣಣ್ಣ, ಪೋಸ್ಟರ್‌ನಾಗೆ ಅಂಬರೀಶಣ್ಣನ ಮುಖ ಐತಾ? ಜಲೀಲ ಇಲ್ದಿರೋ ನಾಗರಹಾವು ಪೋಸ್ಟರ್ ಯಾವ ಪೋಸ್ಟರ್ರು!

ಸಕ್ಕರೆನಾಡು72, ಮಂಡ್ಯ
ಇಲ್ಲ ಕಣಣ್ಣ, ಅಂಬರೀಶ್‌ಗೆ ಮೊದಲ ಸಿನಿಮಾ ಅಲ್ವಾ ಅದು. ಇದರಲ್ಲಿ ವಿಷ್ಣು, ಆರತಿ, ಶುಭ ಅಷ್ಟೇ. ಮೂಲೇಲಿ ಅಶ್ವಥ್.

ದೊಡ್ಡಗಡಿಯಾರ
ಕಥೆ ನಡೆಯೋದು ಚಿತ್ರದುರ್ಗದಲ್ಲಿ, ಆದ್ರೆ ಜನ ನಮ್ಮ ಕಡೆಯವರೇ. ನಿರ್ದೇಶಕ ಪುಟ್ಟಣ್ಣ ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನವರು, ವಿಷ್ಣು ಹುಟ್ಟಿದ್ದು ಮೈಸೂರಲ್ಲಿ, ಅಶ್ವಥ್ ಮೈಸೂರಿನವರು, ಅಂಬರೀಶ್ ದೊಡ್ಡರಸಿನಕೆರೆ. ಮಂಡ್ಯದಲ್ಲಿ ಈ ಪ್ರದರ್ಶನ ಇಟ್ಟಿರೋದು ನ್ಯಾಯವಾಗೇ ಇದೆ.

ರೀಲುಪೆಟ್ಟಿಗೆ
ಪ್ರೊಜೆಕ್ಟರ್ ವಿಷಯಕ್ಕೆ ಬರ್ತೀನಿ. ಮೊದಲು ಯಾವ ಆವೃತ್ತಿ ಅಂತ ತೀರ್ಮಾನ ಮಾಡಿ. 2018ರ ಜುಲೈನಲ್ಲಿ ಮರುಬಿಡುಗಡೆ ಆಗಿದ್ದು ಸಿನಿಮಾಸ್ಕೋಪ್ (ತುಂಬಾ ಅಗಲದ ಚೌಕಟ್ಟು), 7.1 ಧ್ವನಿ. ಮೂಲ ಸಿನಿಮಾ ಸ್ಕೋಪ್ ಅಲ್ಲ. ಕನ್ನಡಕ್ಕೆ ಸಿನಿಮಾಸ್ಕೋಪ್ ಬಂದಿದ್ದೇ 1977ರಲ್ಲಿ.

ಹಳೇ ಚೌಕಟ್ಟು ಎತ್ತರ 1 ಇದ್ರೆ ಅಗಲ 1.37. ಸ್ಕೋಪ್‌ನಲ್ಲಿ ಅಗಲ 2.39. ಅಗಲ ಪೂರ್ತಿ ಉಳಿಸಿಕೊಂಡು ಮೇಲೆ ಕೆಳಗೆ ಕತ್ತರಿಸಿದ್ರೆ ಎತ್ತರದಲ್ಲಿ ನೂರಕ್ಕೆ 43 ಪಾಲು ಹೋಗುತ್ತೆ. ಬೆಟ್ಟ, ಬಂಡೆ, ಕೋಟೆ ಗೋಡೆಯ ಸಿನಿಮಾ ಇದು. ಕಾಲಡಿಯ ಕಲ್ಲು, ತಲೆ ಮೇಲಿನ ಆಕಾಶ ಎರಡೂ ಕಾಣದೇ ಇದ್ರೆ ನಾಯಕ ರಾಮಾಚಾರಿ ನಿಂತಿರೋ ಎತ್ತರವೇ ಗೊತ್ತಾಗಲ್ಲ. ಹಳೇ ಚೌಕಟ್ಟಲ್ಲೇ ತೋರಿಸಿ.

ಚಾಮುಂಡಿ ಮೆಟ್ಟಿಲು
ಒಪ್ಪಲ್ಲ ರೀ. 2018ರದ್ದು ಬಂದಿದ್ದಕ್ಕೇ ಇಪ್ಪತ್ತು ವರ್ಷದ ಹುಡುಗರು ಥಿಯೇಟರ್‌ಗೆ ಹೋಗಿ ನೋಡಿದ್ದು. ಬಣ್ಣ ಸರಿ ಮಾಡಿದ್ದಾರೆ, ಧ್ವನಿ ಶುದ್ಧ ಮಾಡಿದ್ದಾರೆ. ಹಳೇ ಕಾಪಿ ಅಂದ್ರೆ ಎಲ್ಲರ ಮುಖವೂ ಗುಲಾಬಿ, ಮರವೆಲ್ಲ ಕಂದು.

ರೀಲುಪೆಟ್ಟಿಗೆ
ಬಣ್ಣದ ಕೆಲಸಕ್ಕೆ ನನ್ನ ತಕರಾರು ಇಲ್ಲ, ಕತ್ತರಿಗೆ ಮಾತ್ರ. ಗುಲಾಬಿ ಆಗೋದಕ್ಕೂ ಕಾರಣ ಇದೆ: ಆ ಕಾಲದ ಬಣ್ಣದ ಪ್ರಿಂಟ್‌ನಲ್ಲಿ ಮೂರು ಬಣ್ಣದ ಪದರ ಇರುತ್ತೆ, ನೀಲಿ-ಹಸಿರಿನ ಸಯಾನ್, ಹಳದಿ, ಕೆನ್ನೇರಳೆ. ಮೊದಲೆರಡು ಬೇಗ ಮಾಸುತ್ತೆ, ಕೊನೇದು ಉಳಿಯುತ್ತೆ. ಅಂಥ ಪ್ರಿಂಟ್‌ನಿಂದ ಇಳಿಸಿದ ಟಿವಿ ಕಾಪಿ ಎಲ್ಲಾ ಕೆಂಪು ಹೊಡೆಯುತ್ತೆ. ಪ್ರೊಜೆಕ್ಟರ್ ಮೆನುವಿನಲ್ಲಿ ಕೆಂಪಿನ ಗೇನ್ ಸ್ವಲ್ಪ ಇಳಿಸಿ, ಒಂದು ಬಿಳೀ ಪಂಚೆ ಕಾಣೋ ದೃಶ್ಯ ನಿಲ್ಲಿಸಿ ಅದು ಬಿಳಿ ಆಗೋವರೆಗೂ ಹೊಂದಿಸಿ. ಪೂರ್ತಿ ಸರಿ ಹೋಗಲ್ಲ, ಕಣ್ಣಿಗೆ ಹಿತ ಆಗುತ್ತೆ.

ಈಗ ಲುಮೆನ್ಸ್. 12 ಅಡಿ ಅಗಲ, 9 ಅಡಿ ಎತ್ತರದ ಪರದೆ ಅಂದ್ರೆ 108 ಚದರಡಿ. 16:9 ಪ್ರೊಜೆಕ್ಟರ್‌ನಲ್ಲಿ 4:3 ಚಿತ್ರ ಬಿಟ್ರೆ ಬೆಳಕಿನ ಮುಕ್ಕಾಲು ಪಾಲು ಮಾತ್ರ ಉಪಯೋಗಕ್ಕೆ ಬರುತ್ತೆ. ಹಾಗಾಗಿ 3000 ಲುಮೆನ್ಸ್‌ದು 2250 ಆಯ್ತು, ಚದರಡಿಗೆ ಹತ್ತಿರ ಹತ್ತಿರ 21. ಪೂರ್ತಿ ಕತ್ತಲೆ ಇರೋ ಹಾಲ್‌ಗೆ 16 ಇದ್ರೂ ಸಾಕು. ಕಿಟಕಿಗೆ ಪರದೆ ಇಲ್ಲ ಅಂದ್ರೆ ಮಾತ್ರ 5000ದ್ದು ಬಾಡಿಗೆಗೆ ತನ್ನಿ. ಡಬ್ಬದ ಮೇಲೆ ಬರೆದಿರೋದಕ್ಕಿಂತ ‘ಆನ್ಸಿ ಲುಮೆನ್ಸ್’, ಅಂದ್ರೆ ಮಾನದಂಡದ ಪ್ರಕಾರ ಅಳೆದಿದ್ದು, ಎಷ್ಟು ಅಂತ ಕೇಳಿ, ಅಗ್ಗದ ಪ್ರೊಜೆಕ್ಟರ್‌ಗಳ ಅಂಕಿ ನಂಬೋ ಹಾಗಿಲ್ಲ.

ನಿಧಾನಗತಿ
ಒಂದು ಮುಖ್ಯ ವಿಷಯ ಬಿಟ್ರಿ. ‘ಮೋಷನ್ ಸ್ಮೂತಿಂಗ್’ ಆಫ್ ಮಾಡಿ! ಕಂಪನಿಗೊಂದು ಹೆಸರು ಇಟ್ಟಿರ್ತಾರೆ, ಚಲನೆ ಅಂತ ಅರ್ಥ ಬರೋ ಸೆಟ್ಟಿಂಗ್ ಯಾವುದಿದ್ರೂ ಆಫ್. ಪಿ.ಬಿ. ಶ್ರೀನಿವಾಸ್ ಹಾಡಿರೋ ‘ಬಾರೆ ಬಾರೆ’ ಪೂರ್ತಿ ನಿಧಾನಗತಿಯಲ್ಲಿ ತೆಗೆದ ಹಾಡು. ಆ ಸೆಟ್ಟಿಂಗ್ ಇದ್ರೆ ಯಂತ್ರ ಎರಡು ಫ್ರೇಮಿನ ನಡುವೆ ತಾನೇ ಒಂದು ಫ್ರೇಮ್ ಹುಟ್ಟಿಸುತ್ತೆ. ತೇಲ್ತಾ ಬರೋ ಸೆರಗಿನ ಅಂಚು ನೀರಲ್ಲಿ ಕರಗಿದ ಹಾಗೆ ಕಾಣುತ್ತೆ.

ನಿಧಾನಗತಿ ಅಂದ್ರೆ ಆಗ ಸುಲಭದ ಕೆಲಸ ಆಗಿರಲಿಲ್ಲ. ಸೆಕೆಂಡಿಗೆ 24 ಫ್ರೇಮ್ ಓಡಬೇಕಾದ ಕ್ಯಾಮೆರಾನ 48ಕ್ಕೆ ಓಡಿಸಿದ್ರೆ, 11 ನಿಮಿಷ ಬರೋ 1000 ಅಡಿ ಫಿಲ್ಮು ಐದೂವರೆ ನಿಮಿಷಕ್ಕೆ ಖಾಲಿ. ಒಂದೊಂದು ಫ್ರೇಮಿಗೆ ಬೀಳೋ ಬೆಳಕು ಅರ್ಧ. ಅದಕ್ಕೆ ಲೆನ್ಸ್ ಒಂದು ಸ್ಟಾಪ್ ಜಾಸ್ತಿ ತೆರೀಬೇಕು, ತೆರೆದ್ರೆ ಫೋಕಸ್ ಕಷ್ಟ. ಕಚ್ಚಾ ಫಿಲ್ಮ್ ದುಬಾರಿಯಾಗಿದ್ದ ಕಾಲದಲ್ಲಿ ಇಡೀ ಹಾಡಿಗೆ ಇಷ್ಟು ಧೈರ್ಯ ಮಾಡಿದ್ದಾರೆ. ಅದನ್ನ ಅವರು ಕಂಡ ಹಾಗೇ ನೋಡೋಣ.

ಕೆಆರ್‌ಎಸ್ ನೀರು
ಧ್ವನಿನೂ ಅಷ್ಟೇ. ಹಳೇದು ಒಂದೇ ಟ್ರ್ಯಾಕ್. ಎರಡು ಸ್ಪೀಕರ್ ಹಾಲ್‌ನ ಎರಡು ತುದೀಲಿಟ್ರೆ ಅಶ್ವಥ್ ಮಾತು ಗೋಡೆಗೆ ಬಡಿದು ಎರಡೆರಡು ಸಲ ಕೇಳುತ್ತೆ. ಒಂದೇ ಸ್ಪೀಕರ್, ಪರದೆ ಕೆಳಗೆ ನಟ್ಟನಡುವೆ, ಕೂತವರ ಕಿವಿ ಎತ್ತರಕ್ಕೆ ತಿರುಗಿಸಿ. ಬಾಸ್ ಇಳಿಸಿ. ಕೆಳಗೆ ಜಮಖಾನ ಹಾಸಿದ್ರೆ ಅರ್ಧ ಗೋಜು ಕಮ್ಮಿ.

ವಕೀಲರ ಚೇಂಬರ್
ಟಿಕೆಟ್ ಇಲ್ಲ ಅಂದ ಮಾತ್ರಕ್ಕೆ ಅನುಮತಿ ಬೇಡ ಅಂದುಕೊಳ್ಳಬೇಡಿ. ಡಿವಿಡಿ ಕೊಂಡ್ರೆ ಮನೇಲಿ ನೋಡೋ ಹಕ್ಕು ಅಷ್ಟೇ. 60 ಜನ ಸೇರೋ ಹಾಲ್ ಅಂದ್ರೆ ಸಾರ್ವಜನಿಕ ಪ್ರದರ್ಶನ. ಹಕ್ಕುದಾರರಿಗೆ ಈಗಲೇ ಪತ್ರ ಬರೀರಿ. ದಿನಾಂಕ, ಜಾಗ, ಎಷ್ಟು ಜನ, ದುಡ್ಡು ತಗೋತೀರಾ ಇಲ್ವಾ, ಯಾವ ಆವೃತ್ತಿ, ಈ ಐದೂ ಪತ್ರದಲ್ಲಿರಲಿ. ಉತ್ತರ ಲಿಖಿತವಾಗೇ ತಗೊಳ್ಳಿ.

ಮಲ್ಲಿಗೆ ಮೊಗ್ಗು, ಮೈಸೂರು
ಇಷ್ಟೆಲ್ಲಾ ಮಾಡಿ ಕೊನೇಲಿ ಅಳೋದೇ ಅಲ್ವಾ. ರಾಮಾಚಾರಿಯ ಗುರು ಚಾಮಯ್ಯ ಮೇಷ್ಟ್ರದ್ದೇ ತಪ್ಪು ಅಂತ ನಾನು ಖಡಾಖಂಡಿತವಾಗಿ ಹೇಳ್ತೀನಿ. ಹುಡುಗ ದೊಡ್ಡವನಾಗೋಕೆ ಅವರು ಬಿಡಲೇ ಇಲ್ಲ.

ದೊಡ್ಡಗಡಿಯಾರ
ಮೇಡಂ, ಅಷ್ಟು ಸಲೀಸಾಗಿ ಮೇಷ್ಟ್ರ ಮೇಲೆ ಹಾಕಬೇಡಿ. ಊರೆಲ್ಲ ಕೈ ಬಿಟ್ಟಿರೋ ಹುಡುಗನಲ್ಲಿ ಒಳ್ಳೇದಿದೆ ಅಂತ ನಂಬಿದ್ದು ಅವರೊಬ್ಬರೇ. ಪ್ರಿನ್ಸಿಪಾಲರನ್ನ ಕಂಬಕ್ಕೆ ಕಟ್ಟಿ ಹಾಕಿದವನನ್ನ ಇನ್ಯಾರು ಮನೆಯೊಳಗೆ ಬಿಟ್ಕೋತಾರೆ?

ಮಲ್ಲಿಗೆ ಮೊಗ್ಗು, ಮೈಸೂರು
ನಂಬಿದ್ದಕ್ಕೇ ಅಲ್ವಾ ಇಷ್ಟು ಅನಾಹುತ! ಬೈದವರ ಮಾತು ಅವನು ಎಂದೂ ಕೇಳಿಲ್ಲ. ಪ್ರೀತಿಸಿದವರ ಮಾತು ಕೇಳಿದ, ತಾನು ಮೆಚ್ಚಿದ ಅಲಮೇಲುನ ಬಿಟ್ಟುಕೊಟ್ಟ. ಪುಟ್ಟಣ್ಣ ಒಂದೇ ಬೇಡಿಕೆನ ಎರಡು ಸಲ ಇಡ್ತಾರೆ ನೋಡಿ. ಮೊದಲ ಸಲ ಅಲಮೇಲುನ ಬಿಡು ಅಂತ, ಎರಡನೇ ಸಲ, ಆಮೇಲೆ ಪ್ರೀತಿಸಿದ ಮಾರ್ಗರೆಟ್‌ನ ಬಿಡು ಅಂತ. ಮೇಷ್ಟ್ರಿಗೆ ಎರಡೂ ಒಂದೇ ಮಾತು. ಹುಡುಗನಿಗೆ ಹಾಗಲ್ಲ, ನಡುವೆ ಅವನು ಅಲಮೇಲುಗೆ ಏನಾಗಿದೆ ಅಂತ ಕಣ್ಣಾರೆ ನೋಡಿ ಬಂದಿದ್ದಾನೆ. ಗುರುವಿನ ಮಾತಿಗೆ ಎಷ್ಟು ಬೆಲೆ ತೆತ್ತಿದ್ದೀನಿ ಅಂತ ಅವನಿಗೆ ಗೊತ್ತು, ಗುರುವಿಗೆ ಗೊತ್ತಿಲ್ಲ. ಬೆಟ್ಟದ ಮೇಲಿನ ಆ ಕೊನೇ ಮಾತುಕತೆ ಅಷ್ಟು ಭಾರ ಆಗಿರೋದು ಅದಕ್ಕೇ.

ನಿಧಾನಗತಿ
ಇದು ಸರಿಯಾದ ಮಾತು. ಎರಡು ಸಲ ಬರೋ ಬೇಡಿಕೆ, ನಾನೂ ಹಾಗೇ ನೋಡೋದು.

ದೊಡ್ಡಗಡಿಯಾರ
ಬೇಡಿಕೆ ವಿಷಯ ಒಪ್ತೀನಿ. ಆದ್ರೆ ಮೇಷ್ಟ್ರು ಖಳನಾಯಕ ಅಲ್ಲ. ಅವರಿಗೆ ಗೊತ್ತಿದ್ದ ಧರ್ಮದೊಳಗೆ ನಿಂತು ಮಾತಾಡಿದ್ರು. ಅದೇ ದುರಂತ, ಕೆಟ್ಟವರು ಯಾರೂ ಇಲ್ದೇನೇ ಮೂರು ಜೀವ ಹೋಗುತ್ತೆ. ಇನ್ನೊಂದು, ತ.ರಾ.ಸು. ಅವರ ಮೂರು ಕಾದಂಬರಿ ಒಂದು ಸಿನಿಮಾಕ್ಕೆ ಇಳಿದಿದೆ: ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ಎರಡನೇ ಅರ್ಧ ಓಡ್ತಾ ಇದೆ ಅನ್ನಿಸೋದು ಅದಕ್ಕೇ. ಪ್ರದರ್ಶನದ ಮೇಜಿನ ಮೇಲೆ ಮೂರೂ ಪುಸ್ತಕ ಇಡಿ ಸಕ್ಕರೆನಾಡು ಅವರೇ.

ಮದ್ದೂರು ಎಕ್ಸ್‌ಪ್ರೆಸ್
ಚಿತ್ರದುರ್ಗಕ್ಕೆ ಒಂದು ಬಸ್ ಮಾಡಾಣ್ವಾ? ಪ್ರದರ್ಶನ ಆದ್ಮೇಲೆ?

ಕೋಟೆ ಬಾಗಿಲು
ಮಾಡಿ. ನಾಗಮಂಗಲ, ಬೆಳ್ಳೂರು ಕ್ರಾಸ್, ಚಿಕ್ಕನಾಯಕನಹಳ್ಳಿ, ಹುಳಿಯಾರು, ಹಿರಿಯೂರು, ಅಲ್ಲಿಂದ ಹೆದ್ದಾರಿ ಹಿಡಿದ್ರೆ ದುರ್ಗ. ರಾತ್ರೀನೇ ಹೊರಟು ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೆ ಒಳಗಿರಿ, ಹನ್ನೊಂದಾದ ಮೇಲೆ ಬಂಡೆ ಕಾದು ಕಾಲಿಡೋಕೆ ಆಗಲ್ಲ. ಜಯಂತಿ ಅವರು ಓಬವ್ವ ಆಗಿ ಬರೋ ಹಾಡಿನ ಕಥೆ ನಡೆದ ಜಾಗ, ಓಬವ್ವನ ಕಿಂಡಿ, ಅದನ್ನ ಮೊದಲು ನೋಡಿ, ಗುಂಪು ಬಂದ ಮೇಲೆ ಒಳಗೆ ನುಸುಳೋಕೆ ಸರತಿ. ಇಬ್ಬರಿಗೊಂದು ಲೀಟರ್ ನೀರು ಸಾಲಲ್ಲ, ತಲೆಗೊಂದೂವರೆ ಇಟ್ಕೊಳ್ಳಿ. ಬಂಡೆ ಅಂಚಲ್ಲಿ ಕೊನೇ ದೃಶ್ಯದ ಫೋಟೋ ತೆಗೆಯೋದು ಬೇಡ. ಪಾಚಿ ಒಣಗಿದ ಬಂಡೆ ನೋಡೋಕೆ ಒಣಗಿರುತ್ತೆ, ರಬ್ಬರ್ ಚಪ್ಪಲಿ ಜಾರುತ್ತೆ.

ತಟ್ಟೆ ಮುಳ್ಳು
ರೆಕಾರ್ಡ್ ಬಗ್ಗೆ ಯಾರೂ ಹೇಳಲಿಲ್ಲ. ವಿಜಯಭಾಸ್ಕರ್ ಸಂಗೀತ, ಅದನ್ನ ಹಾಳು ಮಾಡ್ಕೋಬೇಡಿ.

ಡೊಂಕು ಸ್ವಲ್ಪ ಇದ್ರೆ ಹಾಗೇ ಬಿಡಿ, ಮುಳ್ಳು ಅದರ ಜೊತೆ ಏರಿಳಿಯುತ್ತೆ. ಬಿಸಿಲಿಗಿಡೋದು, ಇಸ್ತ್ರಿ ಪೆಟ್ಟಿಗೆ, ಗಾಜಿನ ನಡುವೆ ಇಟ್ಟು ಬಿಸಿ ಮಾಡೋದು, ಇವೆಲ್ಲ ಗೆರೆಯ ಅಂಚನ್ನೇ ಮೆತ್ತಗೆ ಮಾಡುತ್ತೆ. ತಟ್ಟೆ ನೇರ ಆದ್ರೂ ಹಾಡು ಮಂಕಾಗುತ್ತೆ. ತೊಳೆಯೋಕೆ ಅರ್ಧ ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ ಪಾತ್ರೆ ತೊಳೆಯೋ ಲಿಕ್ವಿಡ್ ಎರಡೇ ಹನಿ. ಮೈಕ್ರೋಫೈಬರ್ ಬಟ್ಟೆ, ಗೆರೆ ಸುತ್ತೋ ದಿಕ್ಕಲ್ಲೇ ಒರೆಸಿ, ಅಡ್ಡ ಎಳೀಬೇಡಿ. ಲೇಬಲ್‌ಗೆ ನೀರು ತಾಕಬಾರದು. ಆಮೇಲೆ ಬರೀ ಡಿಸ್ಟಿಲ್ಡ್ ವಾಟರಲ್ಲಿ ಇನ್ನೊಂದು ಸಲ.

ಹಳೇ ಸೂಟ್‌ಕೇಸ್ ಪ್ಲೇಯರ್‌ನಲ್ಲಿ ಹಾಕಲೇಬೇಡಿ. ಅದರ ಮುಳ್ಳು 5-6 ಗ್ರಾಂ ಒತ್ತುತ್ತೆ, ಗೆರೆ ಕೊರೆದುಬಿಡುತ್ತೆ. ಒಳ್ಳೇ ಕಾರ್ಟ್ರಿಡ್ಜ್ (ಮುಳ್ಳು ಹಿಡಿಯೋ ಭಾಗ), ಮುಳ್ಳು ಒತ್ತೋ ತೂಕ 1.5ರಿಂದ 2 ಗ್ರಾಂ. 24 ಬಿಟ್, 96 ಕಿಲೋಹರ್ಟ್ಸ್, ವೇವ್ ಫೈಲ್ ಆಗಿ ಒಂದೇ ಸಲ ದಾಖಲಿಸಿ. ಮೊನೋ ರೆಕಾರ್ಡ್ (ಒಂದೇ ಟ್ರ್ಯಾಕಿನದು) ಆದ್ರೆ ಎಡ ಬಲ ಎರಡನ್ನೂ ಕೂಡಿಸಿ ಒಂದು ಮಾಡಿ, ಮುಳ್ಳು ಮೇಲೆ ಕೆಳಗೆ ಕುಣಿಯೋ ಸದ್ದು ತಾನೇ ವಜಾ ಆಗುತ್ತೆ. ಪ್ರದರ್ಶನದ ದಿನ ಫೈಲ್ ಹಾಕಿ, ತಟ್ಟೆ ನೆಟ್ಟಗೆ ನಿಲ್ಲಿಸಿಡಿ. ಮಲಗಿಸಿ ಮೇಲೆ ಏನಾದ್ರೂ ಹೇರಿದ್ರೆ ಇನ್ನಷ್ಟು ಡೊಂಕು.

ಒಂಟಿಕೊಪ್ಪಲು ವಾಸಿ
‘ಹಾವಿನ ದ್ವೇಷ’ ಎಸ್‌ಪಿಬಿ ಹಾಡಿರೋದು ಅದರಲ್ಲಿ ಇದ್ರೆ ದಯವಿಟ್ಟು ಮೊದಲು ಅದನ್ನೇ ದಾಖಲಿಸಿ.

ಕಾಗದದ ಆಸ್ಪತ್ರೆ, ಮೈಸೂರು
ಸಕ್ಕರೆನಾಡು ಅವರೇ, ಪೋಸ್ಟರ್ ಕೆಲಸದ ಕ್ರಮ ಹೇಳ್ತೀನಿ, ಇದೇ ಸಾಲಲ್ಲಿ ಮಾಡಿ.

ಮೊದಲು ಮೆತ್ತನೆ ಬ್ರಷ್‌ನಲ್ಲಿ ಎರಡೂ ಕಡೆ ಧೂಳು. ಆಮೇಲೆ ಟೇಪು. ಹೇರ್ ಡ್ರೈಯರ್ ಕಡಿಮೆ ಬಿಸಿಯಲ್ಲಿ, ಒಂದು ಗೇಣು ದೂರದಿಂದ, ಟೇಪಿನ ಒಂದು ತುದಿ ಮೆತ್ತಗಾಗೋವರೆಗೆ. ತೆಳ್ಳನೆ ಚಪ್ಪಟೆ ಚಾಕು ಒಳಗೆ ಹಾಕಿ, ಟೇಪನ್ನ ಅದರ ಮೇಲೇ ಮಡಚಿ ಹಿಂದಕ್ಕೆ ಎಳೀರಿ. ಮೇಲಕ್ಕೆ ಎತ್ತಿದ್ರೆ ಕಾಗದ ಸುಲಿಯುತ್ತೆ. ಉಳಿದ ಜಿಗುಟು ಕ್ರೇಪ್ ರಬ್ಬರಲ್ಲಿ ಉಜ್ಜಿ. ಮುಂದಕ್ಕೆ ಇಳಿದಿರೋ ಕಂದು ಕಲೆ ಹೋಗಲ್ಲ. ಅಸಿಟೋನ್ ಹಾಕೋಕೆ ಹೋಗಬೇಡಿ, ಬಣ್ಣ ಹರಡುತ್ತೆ.

ಗೋಂದು ಹಚ್ಚೋಕೆ ಮುಂಚೆ ಶಾಯಿ ಪರೀಕ್ಷೆ ಮಾಡಲೇಬೇಕು. ಹತ್ತಿ ಕಡ್ಡಿ ಒದ್ದೆ ಮಾಡಿ, ಒಂದೊಂದು ಬಣ್ಣದ ಮೂಲೇಲೂ ಐದು ಸೆಕೆಂಡ್ ಒತ್ತಿ ನೋಡಿ. ಹತ್ತಿಗೆ ಬಣ್ಣ ಬಂದ್ರೆ ನಿಲ್ಲಿಸಿ ಇಲ್ಲಿ ಹೇಳಿ.

ತೇಪೆಗೆ 10 ಜಿಎಸ್‌ಎಂ (ಚದರ ಮೀಟರಿಗೆ 10 ಗ್ರಾಂ) ಹತ್ತಿರದ ಜಪಾನಿ ಟಿಶ್ಯೂ ಕಾಗದ. ಕತ್ತರೀಲಿ ಕತ್ತರಿಸಬೇಡಿ. ಒದ್ದೆ ಬ್ರಷ್‌ನಲ್ಲಿ ಗೆರೆ ಎಳೆದು ಕೈಯಲ್ಲಿ ಹರೀರಿ, ಅಂಚಿನ ನಾರು ಗರಿ ಥರ ಬಿಟ್ಟುಕೊಂಡಿರಬೇಕು, ಹಿಡಿತ ಇರೋದೇ ಅದರಲ್ಲಿ. ಅಗಲ 1 ಸೆಂಟಿಮೀಟರ್. ಹಿಂದುಗಡೆ ಅಂಟಿಸಿ, ಮೇಲೆ ಪಾಲಿಯೆಸ್ಟರ್ ಬಟ್ಟೆ, ಅದರ ಮೇಲೆ ಒತ್ತು ಕಾಗದ (ಬ್ಲಾಟಿಂಗ್ ಪೇಪರ್), ಗಾಜು, ತೂಕ. 15 ನಿಮಿಷಕ್ಕೆ ಒತ್ತು ಕಾಗದ ಬದಲಿಸಿ, ಗಂಟೆಗೆ ಇನ್ನೊಮ್ಮೆ, ಆಮೇಲೆ ರಾತ್ರಿಯೆಲ್ಲ ಬಿಡಿ.

ಹಾಡಿನ ಪುಸ್ತಕದ ಪಿನ್ನು ಎಳೀಬೇಡಿ. ಹಿಂದಿನ ಕಾಲುಗಳನ್ನ ನೆಟ್ಟಗೆ ಮಾಡಿ, ಮುಂದಿನಿಂದ ತೆಗೀರಿ. ಅದೇ ತೂತಲ್ಲಿ ಬಿಳೀ ಹತ್ತಿ ದಾರ ಹೊಲೀರಿ.

ಕೆಆರ್‌ಎಸ್ ನೀರು
ಮಳೆಗಾಲ ನೆನಪಿರಲಿ. ತೇವ ನೂರಕ್ಕೆ 65 ದಾಟಿದ್ರೆ ಬೂಷ್ಟು ಬರುತ್ತೆ. ಬೀರು ಹೊರಗೋಡೆಗೆ ಒತ್ತಿ ಇಡಬೇಡಿ, ನಾಲ್ಕು ಇಂಚು ಬಿಡಿ. ನುಸಿಗುಳಿಗೆ ಹುಳಕ್ಕೆ ಮಾತ್ರ, ಬೂಷ್ಟಿಗಲ್ಲ. ಅದನ್ನ ರೆಕಾರ್ಡ್ ಹತ್ತಿರ ಇಡಲೇಬಾರದು.

ಸಕ್ಕರೆನಾಡು72, ಮಂಡ್ಯ
ಎಲ್ರಿಗೂ ತುಂಬಾ ಉಪಕಾರ ಆಯ್ತು. ಹತ್ತಿ ಕಡ್ಡಿ ಪರೀಕ್ಷೆ ಆಯ್ತು. ಕಪ್ಪು, ಹಳದಿ, ನೀಲಿ ಏನೂ ಬಿಡಲಿಲ್ಲ. ಶೀರ್ಷಿಕೆಯ ಕೆಂಪು ಮಾತ್ರ ಹತ್ತಿಗೆ ತೆಳ್ಳಗೆ ಗುಲಾಬಿ ಬಂತು. ತೂತು ಇರೋದೂ ಆ ಅಕ್ಷರದ ಮಧ್ಯಾನೇ.

ಕಾಗದದ ಆಸ್ಪತ್ರೆ, ಮೈಸೂರು
ಸದ್ಯ, ಪರೀಕ್ಷೆ ಮಾಡಿದ್ರಿ. ಕೆಂಪಿನ ಹತ್ತಿರ ಗೋಂದಿಗೆ ಒಂದು ಹನಿ ನೀರೂ ಬೆರೆಸಬೇಡಿ. ಸೋಸಿದ ಗಟ್ಟಿ ಗೋಂದನ್ನೇ ಟಿಶ್ಯೂಗೆ ಸವರಿ, ಎರಡು ನಿಮಿಷ ಒತ್ತು ಕಾಗದದ ಮೇಲೆ ಬಿಟ್ಟು ಒದ್ದೆ ಎಳೆಸಿ, ಬೆರಳಿಗೆ ಬರೀ ಅಂಟು ಅನ್ನಿಸಿದಾಗ ಹಿಂದುಗಡೆಯಿಂದ ಇಡಿ. ಒತ್ತು ಕಾಗದ 5 ನಿಮಿಷಕ್ಕೇ ಬದಲಿಸಿ. ಮೊದಲು ಅಂಚಿನ ಒಂದು ಸಣ್ಣ ಹರಕಿನ ಮೇಲೆ ಮಾಡಿ ನೋಡಿ, ಶೀರ್ಷಿಕೆ ಕೊನೇಗೆ.

ಮದ್ದೂರು ಎಕ್ಸ್‌ಪ್ರೆಸ್
ಅಂಟಿಸಿದ ಮ್ಯಾಲೆ ಫೋಟೊ ಹಾಕಣ್ಣೋ.